ಕುಸಿದ ಮನೆಯ ಹೊಣೆ: ಭಾರತದ ಕಾನೂನು ನಡೆದುಬಂದ ದಾರಿ

ವಾಸದ ಕಟ್ಟಡವೊಂದು ಕುಸಿದಾಗ ಕಾನೂನಿನ ಮುಂದೆ ಎರಡು ಪ್ರಶ್ನೆಗಳು ಏಳುತ್ತವೆ: ಯಾರನ್ನು ಶಿಕ್ಷಿಸಬೇಕು ಎಂಬುದು ಒಂದು, ಸತ್ತವರ ಕುಟುಂಬಕ್ಕೂ ಮನೆ ಕಳೆದುಕೊಂಡವರಿಗೂ ಯಾರು ಪರಿಹಾರ ಕೊಡಬೇಕು ಎಂಬುದು ಇನ್ನೊಂದು. ಭಾರತದಲ್ಲಿ ಇವೆರಡಕ್ಕೂ ಉತ್ತರ ಒಂದೇ ಕಾಯ್ದೆಯಲ್ಲಿ ದೊರೆಯದೆ, ಬೇರೆ ಬೇರೆ ಕಾಲದಲ್ಲಿ ರೂಪುಗೊಂಡ ಕಾನೂನುಗಳಲ್ಲಿ ಹಂಚಿಹೋಗಿದೆ. ಅವುಗಳ ಬೆಳವಣಿಗೆಯನ್ನು ಕ್ರಮವಾಗಿ ನೋಡಿದರೆ, ಕಾನೂನು ಮೊದಲು ದಾರಿಹೋಕರನ್ನು, ಅನಂತರ ಮನೆ ಕೊಂಡವರನ್ನು ತನ್ನ ರಕ್ಷಣೆಗೆ ತೆಗೆದುಕೊಂಡಿತೆಂದೂ ಬಾಡಿಗೆದಾರರವರೆಗೆ ಇನ್ನೂ ಪೂರ್ತಿಯಾಗಿ ತಲುಪಿಲ್ಲವೆಂದೂ ತಿಳಿಯುತ್ತದೆ.

ಶಿಕ್ಷೆಯ ಕಾನೂನು ಎಲ್ಲಕ್ಕಿಂತ ಹಳೆಯದು. 1860ರ ಭಾರತೀಯ ದಂಡ ಸಂಹಿತೆಗೆ 1870ರಲ್ಲಿ ಸೇರಿದ 304-ಎ ಕಲಮು ನಿರ್ಲಕ್ಷ್ಯದಿಂದ ಉಂಟಾದ ಸಾವಿಗೆ ಗರಿಷ್ಠ ಎರಡು ವರ್ಷಗಳ ಸೆರೆವಾಸವನ್ನು ಮಾತ್ರ ವಿಧಿಸುತ್ತಿತ್ತು. 304ನೇ ಕಲಮಿನ ಎರಡನೆಯ ಭಾಗ, ಅಂದರೆ ಸಾವು ಸಂಭವಿಸಬಹುದೆಂದು ತಿಳಿದೂ ಎಸಗಿದ ದಂಡನೀಯ ನರಹತ್ಯೆ, ಹತ್ತು ವರ್ಷಗಳವರೆಗಿನ ಶಿಕ್ಷೆಗೆ ಅವಕಾಶ ಕೊಡುತ್ತಿತ್ತು. ಆದರೆ ಭೋಪಾಲ್ ಅನಿಲ ದುರಂತದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಆ ‘ತಿಳಿವಳಿಕೆ’ಯನ್ನು ತೋರಿಸುವ ಆಧಾರವಿಲ್ಲವೆಂದು ಆರೋಪವನ್ನು 304-ಎಗೆ ಇಳಿಸಿದ್ದರಿಂದ, ಇಂಥ ಪ್ರಕರಣಗಳಲ್ಲಿ ಅಭಿಯೋಜನೆಯ ಹೊರೆ ಎಷ್ಟು ಭಾರವಾದುದೆಂಬುದು ಸ್ಪಷ್ಟವಾಯಿತು. 2013ರ ಏಪ್ರಿಲ್‌ನಲ್ಲಿ ಠಾಣೆ ಬಳಿಯ ಮುಂಬ್ರಾದಲ್ಲಿ ಅಕ್ರಮ ಕಟ್ಟಡ ಕುಸಿದು 74 ಜನ ಸತ್ತಾಗ, ಕಟ್ಟಿದವರ ಜೊತೆಗೆ ಪಾಲಿಕೆಯ ಅಧಿಕಾರಿಗಳೂ ಬಂಧನಕ್ಕೊಳಗಾದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ನಿರ್ಲಕ್ಷ್ಯದ ಸಾವಿಗೆ ಗರಿಷ್ಠ ಶಿಕ್ಷೆಯನ್ನು ಐದು ವರ್ಷಗಳಿಗೆ ಏರಿಸಿದೆ.

ಪರಿಹಾರದ ಹೊಣೆ ಬೆಳೆದದ್ದು ಅಪಕೃತ್ಯ ಕಾನೂನಿನ ಮೂಲಕ. ಒಪ್ಪಂದವಿಲ್ಲದಿದ್ದರೂ ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗಾದ ಹಾನಿಯನ್ನು ತುಂಬಿಕೊಡಿಸುವ ನ್ಯಾಯಶಾಖೆಗೆ ಈ ಹೆಸರು. ದೆಹಲಿಯ ಚಾಂದನಿ ಚೌಕದಲ್ಲಿ ಪುರಸಭೆಗೆ ಸೇರಿದ ಗಡಿಯಾರದ ಗೋಪುರ ಉರುಳಿ ಜನ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1966ರಲ್ಲಿ ಕೊಟ್ಟ ತೀರ್ಪು ಇದಕ್ಕೆ ಬುನಾದಿಯಾಯಿತು. ರಸ್ತೆಗೆ ಹೊಂದಿಕೊಂಡ ಕಟ್ಟಡವನ್ನು ಸುಸ್ಥಿತಿಯಲ್ಲಿ ಇಡುವುದು ಮಾಲೀಕರ ಕರ್ತವ್ಯವೆಂದೂ, ದೋಷ ಕಣ್ಣಿಗೆ ಬೀಳಲಿಲ್ಲವೆಂಬುದು ಸಮರ್ಥನೆಯಾಗದೆಂದೂ, ಕುಸಿತವೇ ನಿರ್ಲಕ್ಷ್ಯಕ್ಕೆ ಮೇಲ್ನೋಟದ ಸಾಕ್ಷ್ಯವೆಂದೂ ಅದು ಸಾರಿತು. ಆದರೆ ಅಲ್ಲಿ ಪುರಸಭೆ ಹೊಣೆ ಹೊತ್ತದ್ದು ಮಾಲೀಕನಾಗಿ. ಮೇಲ್ವಿಚಾರಕನಾಗಿ ಸ್ಥಳೀಯ ಸಂಸ್ಥೆಯನ್ನು ಹೊಣೆಯಾಗಿಸುವುದು ಅಷ್ಟು ಸುಲಭವಾಗಲಿಲ್ಲ. ಉಪಹಾರ್ ಚಿತ್ರಮಂದಿರದ ಬೆಂಕಿ ಅನಾಹುತದ ಪ್ರಕರಣದಲ್ಲಿ 2011ರಲ್ಲಿ, ದುರುದ್ದೇಶವಿಲ್ಲದ ಕರ್ತವ್ಯಲೋಪ ಒಂದರಿಂದಲೇ ಪರವಾನಗಿ ಕೊಡುವ ಪ್ರಾಧಿಕಾರಗಳು ಪರಿಹಾರಕ್ಕೆ ಬಾಧ್ಯವಾಗುವುದಿಲ್ಲವೆಂದು ಅದೇ ನ್ಯಾಯಾಲಯ ಹೇಳಿತು.

ಮೂರನೆಯ ಹಂತದಲ್ಲಿ ಕಾನೂನು ಮನೆ ಕೊಂಡವರತ್ತ ತಿರುಗಿತು. 1993ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ ವಸತಿ ನಿರ್ಮಾಣವೂ ‘ಸೇವೆ’ಯೆನಿಸಿತು. ರೇರಾ ಎಂದೇ ಪರಿಚಿತವಾದ 2016ರ ಸ್ಥಿರಾಸ್ತಿ ಕಾಯ್ದೆಯ 14ನೇ ಕಲಮು, ಸ್ವಾಧೀನ ಕೊಟ್ಟ ಐದು ವರ್ಷಗಳೊಳಗೆ ಕಾಣಿಸಿಕೊಂಡ ರಚನಾದೋಷವನ್ನು ತಿಳಿಸಿದ 30 ದಿನಗಳಲ್ಲಿ ಬಿಲ್ಡರ್ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು, ಇಲ್ಲವೇ ಪರಿಹಾರ ಕೊಡಬೇಕು ಎಂದು ವಿಧಿಸಿತು.

ಈ ರಕ್ಷಣೆಯ ಬೇಲಿಯ ಹೊರಗೆ ಉಳಿದವರೇ ಹೆಚ್ಚು. 500 ಚದರ ಮೀಟರಿಗೆ ಮೀರದ ನಿವೇಶನದ ಅಥವಾ ಎಂಟಕ್ಕೆ ಮೀರದ ಮನೆಗಳ ಯೋಜನೆಗೆ ರೇರಾ ನೋಂದಣಿ ಬೇಕಿಲ್ಲ. ಬೆಂಗಳೂರಿನ 30x40 ಅಡಿಯ ನಿವೇಶನವಾದರೋ ಸುಮಾರು 111 ಚದರ ಮೀಟರು. ‘ಹಂಚಿಕೆದಾರ’ ಎಂಬುದರ ವ್ಯಾಖ್ಯೆಯಿಂದಲೇ ಬಾಡಿಗೆದಾರರನ್ನು ಕಾಯ್ದೆ ಹೊರಗಿಟ್ಟಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು, ಮಾಲೀಕರಿಗೆ ತಿಳಿದಿದ್ದು ಬಾಡಿಗೆದಾರರ ಕಣ್ಣಿಗೆ ಬೀಳಲಾರದ ದೋಷವನ್ನು ತಿಳಿಸಬೇಕೆಂದಷ್ಟೇ ಹೇಳುತ್ತದೆ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ನಿರ್ಮಾಣದ ಹಂತದ ಕಟ್ಟಡ ಕುಸಿದು ಒಂಬತ್ತು ಮಂದಿ ಸತ್ತಾಗ, ಪರವಾನಗಿ ಮೀರಿ ಅಂತಸ್ತು ಏರಿಸಲಾಗಿತ್ತೆಂಬ ಆರೋಪ ಕೇಳಿಬಂತು. ಕೆಲಸದಲ್ಲಿದ್ದಾಗ ಸತ್ತ ಕಾರ್ಮಿಕರ ಕುಟುಂಬಕ್ಕೆ ಯಾರ ತಪ್ಪೆಂದು ಸಾಧಿಸದೆಯೂ ಪರಿಹಾರ ಪಡೆಯುವ ಹಕ್ಕನ್ನು 1923ರ ಕಾಯ್ದೆಯೇ ಕೊಟ್ಟಿತ್ತು. ಬಾಡಿಗೆದಾರರ ಕುಟುಂಬಕ್ಕೆ ಅಂಥ ಹಕ್ಕಿಲ್ಲ. ಸಿವಿಲ್ ನ್ಯಾಯಾಲಯದ ದೀರ್ಘ ದಾವೆ, ಇಲ್ಲವೇ ಸರ್ಕಾರ ಅನುಕಂಪದಿಂದ ಘೋಷಿಸುವ ನೆರವು ಮಾತ್ರ ಉಳಿಯುತ್ತದೆ.

ಕುಸಿತಕ್ಕೆ ಮೊದಲೇ ಹೊಣೆಯನ್ನು ನಿಗದಿಪಡಿಸುವುದು ಈಚಿನ ಒಲವು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದೂ, ಬ್ಯಾಂಕುಗಳು ಅದನ್ನು ಪರಿಶೀಲಿಸಿಯೇ ಕಟ್ಟಡದ ಆಧಾರದ ಮೇಲೆ ಸಾಲ ಕೊಡಬೇಕೆಂದೂ, ತಪ್ಪಿತಸ್ಥ ಅಧಿಕಾರಿಗಳ ಮೇಲೆ ಕ್ರಮವಾಗಬೇಕೆಂದೂ ನಿರ್ದೇಶಿಸಿತು. ಇದು ಸರಿಯಾದ ದಿಕ್ಕು, ಆದರೆ ಸಾಲದು. ಕಟ್ಟಿದವರ ಮೇಲೆ ಹತ್ತು ವರ್ಷಗಳ ಹೊಣೆ ಹೊರಿಸಿದ ಫ್ರಾನ್ಸ್, 1978ರಲ್ಲಿ ವಿಮೆಯನ್ನು ಕಡ್ಡಾಯಗೊಳಿಸಿ, ತಪ್ಪು ಯಾರದೆಂದು ತೀರ್ಮಾನವಾಗುವ ಮೊದಲೇ ಕಟ್ಟಡದ ದುರಸ್ತಿಗೆ ಹಣ ದೊರೆಯುವ ವ್ಯವಸ್ಥೆ ಮಾಡಿತು. ಭಾರತದಲ್ಲಿ ರೇರಾದ 16ನೇ ಕಲಮು ವಿಮೆಯ ಮಾತೆತ್ತಿದರೂ ಅದನ್ನು ಸರ್ಕಾರಗಳ ಅಧಿಸೂಚನೆಗೆ ಬಿಟ್ಟಿದೆ. ಅದನ್ನು ಸಣ್ಣ ನಿವೇಶನದ ಕಟ್ಟಡಗಳಿಗೂ, ಕಟ್ಟಡಕ್ಕೆ ಮಾತ್ರವಲ್ಲದೆ ಅಲ್ಲಿ ವಾಸಿಸುವವರ ಜೀವಕ್ಕೂ ವಿಸ್ತರಿಸಿ, ಪರವಾನಗಿಯ ಷರತ್ತಾಗಿಸಿದರೆ, ಬಾಡಿಗೆದಾರರ ಕುಟುಂಬ ಪಡೆಯುವ ಪರಿಹಾರ ದಯೆಯಾಗಿ ಉಳಿಯದೆ ಹಕ್ಕಾಗುತ್ತದೆ.