ಹೊಸ ಬೆಳಕು ಯೋಜನೆ

ಮನೆಗಳಿಗೆ ಎಲ್‌ಇಡಿ ಬಲ್ಬುಗಳನ್ನು ಪೇಟೆಗಿಂತ ಅಗ್ಗವಾಗಿ ಒದಗಿಸಲು ಕರ್ನಾಟಕದಲ್ಲಿ 2015ರ ಡಿಸೆಂಬರ್‌ನಲ್ಲಿ ಆರಂಭವಾದ ಯೋಜನೆ. ಅದೇ ವರ್ಷ ಜನವರಿ 5ರಂದು ಚಾಲನೆ ಪಡೆದ ಕೇಂದ್ರದ ‘ಉಜಾಲಾ’ದ ರಾಜ್ಯರೂಪವಿದು. ಸರ್ಕಾರಿ ಸಂಸ್ಥೆ ಇಇಎಸ್‌ಎಲ್ ಬಲ್ಬುಗಳನ್ನು ಸಗಟಾಗಿ ಖರೀದಿಸಿ ಬೆಲೆ ತಗ್ಗಿಸಿತು. ವಿದ್ಯುತ್ ಸರಬರಾಜು ಕಂಪನಿಗಳು ಗ್ರಾಹಕರನ್ನು ತಲುಪುವ ಕೊಂಡಿಯಾದವು.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳು ಇಂಥ ಕಂಪನಿಗಳಲ್ಲೊಂದಾದ ಜೆಸ್ಕಾಂ ವ್ಯಾಪ್ತಿಯಲ್ಲಿವೆ. 60 ವ್ಯಾಟ್ ಬುರುಡೆ ಬಲ್ಬಿನ ಜಾಗದಲ್ಲಿ 9 ವ್ಯಾಟ್ ಎಲ್‌ಇಡಿ ದಿನಕ್ಕೆ ಐದು ತಾಸು ಉರಿದರೆ ವರ್ಷಕ್ಕೆ ಸುಮಾರು 93 ಯುನಿಟ್ ಉಳಿಯುತ್ತದೆ. ಆದರೆ ಈ ಊರುಗಳಿರುವ ಬಿಸಿಲುಸೀಮೆಯಲ್ಲಿ ದೊಡ್ಡ ಖರ್ಚು ದೀಪದ್ದಲ್ಲ, ಫ್ಯಾನಿನದು. ಬೇಸಿಗೆಯಲ್ಲಿ ಹಗಲು ರಾತ್ರಿ ತಿರುಗುವ 75 ವ್ಯಾಟಿನ ಹಳೆಯ ಫ್ಯಾನಿನ ಬದಲು ಸುಮಾರು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ, ದಿನಕ್ಕೆ 15 ತಾಸಿನ ಲೆಕ್ಕದಲ್ಲಿ ತಿಂಗಳಿಗೆ 20 ಯುನಿಟ್ ಉಳಿತಾಯ. ಉಜಾಲಾದಡಿ ಟ್ಯೂಬ್‌ಲೈಟ್, ಫ್ಯಾನುಗಳೂ ಬಂದವು. ಹೆಸರಾದದ್ದು ಬಲ್ಬು ಮಾತ್ರ.

2023ರಿಂದ ಸೀಲಿಂಗ್ ಫ್ಯಾನುಗಳಿಗೂ ಕೇಂದ್ರದ ಇಂಧನ ದಕ್ಷತಾ ಬ್ಯೂರೋದ (ಬಿಇಇ) ನಕ್ಷತ್ರಪಟ್ಟಿ (ಸ್ಟಾರ್ ಲೇಬಲ್) ಕಡ್ಡಾಯ. ಅದೇ ವರ್ಷ ಬಂದ ರಾಜ್ಯದ ಉಚಿತ ವಿದ್ಯುತ್ ಯೋಜನೆ ‘ಗೃಹಜ್ಯೋತಿ’ಯಲ್ಲಿ ತಿಂಗಳ ಬಳಕೆ 200 ಯುನಿಟ್ ದಾಟಿದರೆ ಪೂರ್ತಿ ಬಿಲ್ಲು ತೆರಬೇಕು. ಹೀಗಾಗಿ ಉಚಿತ ವಿದ್ಯುತ್ತಿನ ಕಾಲದಲ್ಲೂ ಫ್ಯಾನು, ಫ್ರಿಜ್ಜು ಕೊಳ್ಳುವವರು ಬೆಲೆಯ ಜೊತೆಗೆ ನಕ್ಷತ್ರಪಟ್ಟಿಯನ್ನೂ ನೋಡುವುದು ಅಗತ್ಯ.