‘ಅಜಾಗರೂಕತೆ’ ಎಂಬ ಮಾತಿನ ಹಿಂದಿನ ಚರಿತ್ರೆ

ಬಳ್ಳಾರಿ ಕಡೆಯಿಂದ ರಾಂಪುರ, ತಳಕು, ಚಳ್ಳಕೆರೆ, ಸಾಣಿಕೆರೆಗಳನ್ನು ದಾಟಿ ಹಿರಿಯೂರಿಗೆ ಹೋಗುವ ರಸ್ತೆ ಈಗ 150ಎ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ. ಮೊಳಕಾಲ್ಮುರು ಮತ್ತು ಚಳ್ಳಕೆರೆ ತಾಲ್ಲೂಕುಗಳ ಬದುಕಿಗೂ ಈ ರಸ್ತೆಗೂ ಬಿಡಿಸಲಾಗದ ನಂಟು. ಶೇಂಗಾ ಮತ್ತು ಎಣ್ಣೆ ಗಿರಣಿಗಳಿಂದ ಹೆಸರಾದ ಚಳ್ಳಕೆರೆಯಲ್ಲಿ ಲಾರಿಯೆಂದರೆ ಎಷ್ಟೋ ಮನೆಗಳ ಅನ್ನ. ಡ್ರೈವರ್, ಕ್ಲೀನರ್, ಮೆಕ್ಯಾನಿಕ್, ಪಂಕ್ಚರ್ ಅಂಗಡಿಯವರು – ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿಗಳಲ್ಲಿ ಇಂಥ ಮನೆಗಳಿಂದ ಬಂದವರು ಕಡಿಮೆಯಿಲ್ಲ. ಈ ಮನೆಗಳವರು ಕೇಳಲು ಹೆದರುವ ಒಂದು ಮಾತಿದೆ: ‘ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ’. ಅಪಘಾತವಾದ ಮೇಲೆ ಪೊಲೀಸ್ ದೂರಿನಲ್ಲಿ ಈ ಮಾತು ಬಂದರೆ ಲೈಸೆನ್ಸು, ಕೆಲಸ, ಕೋರ್ಟಿನ ಅಲೆದಾಟ ಎಲ್ಲವೂ ಅದರ ಬೆನ್ನಿಗೆ ಬರುತ್ತವೆ. 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನ ಸತ್ತರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಸತ್ತವರ ಮನೆಯವರಿಗೆ ನ್ಯಾಯ ಸಿಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಜಾಗರೂಕತೆ ಎಂದರೆ ಏನು? ಅದು ಗುಣದ ದೋಷವೋ, ಮನಸ್ಸಿನ ಮಿತಿಯೋ?

ಕಾನೂನು ಈ ಪ್ರಶ್ನೆಗೆ ಬಹಳ ಬೇಗ ಉತ್ತರ ಬರೆದುಬಿಟ್ಟಿತು. 1860ರ ಭಾರತೀಯ ದಂಡ ಸಂಹಿತೆಯ 279ನೇ ಕಲಮು ಸಾರ್ವಜನಿಕ ದಾರಿಯಲ್ಲಿ ದುಡುಕಿನಿಂದ ಇಲ್ಲವೇ ನಿರ್ಲಕ್ಷ್ಯದಿಂದ ವಾಹನ ನಡೆಸುವುದನ್ನು ಅಪರಾಧವೆಂದಿತು. ನಿರ್ಲಕ್ಷ್ಯದಿಂದ ಸಾವು ತಂದರೆ ಶಿಕ್ಷೆ ಎನ್ನುವ 304ಎ ಕಲಮು 1870ರಲ್ಲಿ ಸೇರಿತು. ಆಗ ನಮ್ಮ ರಸ್ತೆಗಳ ಮೇಲೆ ಇದ್ದದ್ದು ಎತ್ತಿನ ಗಾಡಿ, ಕುದುರೆ ಗಾಡಿ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಮನೋವಿಜ್ಞಾನದ ಪ್ರಯೋಗಶಾಲೆ ತೆರೆದದ್ದು 1879ರಲ್ಲಿ. ಅಂದರೆ ಗಮನ ಎಂಬುದನ್ನು ಅಳೆಯಲು ಯಾರೂ ಕ್ರಮವಾಗಿ ತೊಡಗುವ ಮೊದಲೇ ಅದರ ಕೊರತೆಗೆ ಶಿಕ್ಷೆ ನಿಗದಿಯಾಗಿತ್ತು.

ಗಮನದ ವಿಚಾರ ಇದಕ್ಕಿಂತಲೂ ಹಳೆಯದು. ಕೈರೋದಲ್ಲಿ ಹನ್ನೊಂದನೆಯ ಶತಮಾನದ ಆರಂಭದಲ್ಲಿ ಇಬ್ನ್ ಅಲ್-ಹೈಥಮ್ ಬರೆದ ‘ಕಿತಾಬ್ ಅಲ್-ಮನಾಜಿರ್’ ಗ್ರಂಥವನ್ನು ನಾವು ಬೆಳಕಿನ ಶಾಸ್ತ್ರವೆಂದಷ್ಟೇ ನೆನೆಯುತ್ತೇವೆ. ಅದರಲ್ಲಿ ಅವರು ಒಂದು ನೋಟಕ್ಕೆ ಸಿಗುವ ಅರಿವು ಬೇರೆ, ನಿಂತು ಪರಿಶೀಲಿಸಿದಾಗ ಸಿಗುವ ಅರಿವು ಬೇರೆ ಎಂದು ವಿಂಗಡಿಸಿದ್ದರು. ಕಣ್ಣಿಗೆ ಬಿದ್ದದ್ದೆಲ್ಲ ಮನಸ್ಸಿಗೆ ಮುಟ್ಟಿರುವುದಿಲ್ಲ ಎನ್ನುವುದು ಇದರ ತಾತ್ಪರ್ಯ. ‘ನೋಡಿದೆ ಸರ್, ಆದರೂ ಕಾಣಲಿಲ್ಲ’ ಎನ್ನುವ ಡ್ರೈವರನ ಮಾತನ್ನು ನಾವು ಸುಳ್ಳೆಂದು ತಳ್ಳಿಹಾಕುತ್ತೇವೆ. ಅದು ಎಲ್ಲ ಸಲವೂ ಸುಳ್ಳಲ್ಲ.

ಆಧುನಿಕ ಸಂಶೋಧನೆಯ ಕಥೆ ಆರಂಭವಾಗುವುದು ಒಬ್ಬ ನೌಕರನ ಕೆಲಸ ಹೋದದ್ದರಿಂದ! 1796ರಲ್ಲಿ ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥ ಮಸ್ಕೆಲಿನ್ ತನ್ನ ಸಹಾಯಕ ಕಿನ್ನೆಬ್ರೂಕ್‌ನನ್ನು ಕೆಲಸದಿಂದ ತೆಗೆದ. ದೂರದರ್ಶಕದ ಗೆರೆಯನ್ನು ನಕ್ಷತ್ರ ದಾಟುವ ಕ್ಷಣವನ್ನು ಗಡಿಯಾರದ ಸದ್ದಿಗೆ ಹೊಂದಿಸಿ ಬರೆಯುವುದು ಆತನ ಕೆಲಸ. ಅವನ ಲೆಕ್ಕ ಯಜಮಾನನ ಲೆಕ್ಕಕ್ಕಿಂತ ಸುಮಾರು 0.8 ಸೆಕೆಂಡು ತಡವಾಗಿತ್ತು. ಎಚ್ಚರಿಸಿದರೂ ಸರಿಹೋಗಲಿಲ್ಲ. ಕೆಲವು ದಶಕಗಳ ನಂತರ ಬೆಸೆಲ್ ಎಂಬ ಜರ್ಮನ್ ಖಗೋಳಜ್ಞ ಇಂಥ ವ್ಯತ್ಯಾಸ ಎಲ್ಲ ವೀಕ್ಷಕರ ನಡುವೆಯೂ ಇರುತ್ತದೆಂದು ತೋರಿಸಿದ. ಕಣ್ಣಿನ ಕೆಲಸ, ಕಿವಿಯ ಕೆಲಸ ಎರಡನ್ನೂ ಒಂದೇ ಕ್ಷಣದಲ್ಲಿ ಕೂಡಿಸಲು ಮನಸ್ಸಿಗೆ ಸಮಯ ಬೇಕು. ಅದು ಒಬ್ಬೊಬ್ಬರಲ್ಲಿ ಒಂದೊಂದು ತೆರ. ಕಿನ್ನೆಬ್ರೂಕ್‌ನಿಗೆ ಈ ತಿಳಿವಿನಿಂದ ಏನೂ ಪ್ರಯೋಜನವಾಗಲಿಲ್ಲ ಎನ್ನುವುದು ಬೇರೆ ಮಾತು.

ಚಾಲಕರನ್ನೇ ನೇರವಾಗಿ ಪರೀಕ್ಷಿಸಿದ ಮೊದಲಿಗರಲ್ಲಿ ವುಂಟ್‌ರ ಶಿಷ್ಯ, ಹಾರ್ವರ್ಡ್ ವಿಶ್ವವಿದ್ಯಾಲಯದ ಹ್ಯೂಗೊ ಮ್ಯುನ್‌ಸ್ಟರ್‌ಬರ್ಗ್ ಒಬ್ಬರು. ಟ್ರಾಮ್ ಅಪಘಾತಗಳು ಹೆಚ್ಚಾದಾಗ, 1912ರ ಸುಮಾರಿಗೆ, ಅವರು ಒಂದು ಸರಳ ಉಪಕರಣ ಮಾಡಿದರು. ಕಾರ್ಡಿನ ನಡುವೆ ಎರಡು ಗೆರೆ, ಅದೇ ಹಳಿ. ಸುತ್ತ ಚದರಗಳಲ್ಲಿ ಅಂಕಿಗಳು: 1 ಎಂದರೆ ನಡೆಯುವ ಮನುಷ್ಯ, 2 ಎಂದರೆ ಕುದುರೆ, 3 ಎಂದರೆ ಮೋಟಾರು. ಕಪ್ಪು ಅಂಕಿ ಹಳಿಯ ಪಕ್ಕಕ್ಕೆ ಸಮವಾಗಿ ಸಾಗುವುದು, ಕೆಂಪು ಅಂಕಿ ಹಳಿಯತ್ತ ಬರುವುದು. ಕೆಂಪಿನಲ್ಲಿ ಯಾವುದು ಹಳಿಗೆ ಬಂದು ಸಿಕ್ಕೀತು ಎಂದು ಚಾಲಕ ಥಟ್ಟನೆ ಹೇಳಬೇಕು. ಕೈ ಚುರುಕಾಗಿದ್ದರೆ ಸಾಲದು, ಮುಂದೆ ಏನಾಗಬಹುದೆಂದು ಊಹಿಸುವ ಗಮನ ಬೇಕು ಎಂಬುದು ಅವರ ತಿಳಿವಳಿಕೆಯಾಗಿತ್ತು.

ಈ ಮ್ಯುನ್‌ಸ್ಟರ್‌ಬರ್ಗ್ ಬಳಿ ಕಲಿತ ನರೇಂದ್ರನಾಥ ಸೇನ್‌ಗುಪ್ತ ಅವರ ನೇತೃತ್ವದಲ್ಲಿ 1916ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗ ನಡೆಯತೊಡಗಿತು. ದೇಶದ ಎರಡನೆಯ ವಿಭಾಗ ಬಂದದ್ದು ನಮ್ಮ ಮೈಸೂರಿಗೆ, 1924ರಲ್ಲಿ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಅಧ್ಯಯನ ಮಾಡಿದ್ದ ಎಂ.ವಿ. ಗೋಪಾಲಸ್ವಾಮಿಯವರು ಅದನ್ನು ಕಟ್ಟಿದರು. 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಎಂಬ ಬಾನುಲಿ ಆರಂಭಿಸಿದವರೂ ಇವರೇ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ಎರಡನೆಯ ಮಹಾಯುದ್ಧ ಈ ವಿದ್ಯೆಗೆ ದೊಡ್ಡ ತಿರುವು ಕೊಟ್ಟಿತು. ಬ್ರಿಟಿಷ್ ವಾಯುಪಡೆಯಲ್ಲಿ ರೇಡಾರ್ ಪರದೆ ನೋಡುತ್ತ ಕೂತವರು ಹೊತ್ತು ಕಳೆದಂತೆ ಶತ್ರುವಿನ ಸುಳಿವನ್ನು ಕಾಣದೆ ಹೋಗುತ್ತಿದ್ದರು. ನಾರ್ಮನ್ ಮ್ಯಾಕ್‌ವರ್ತ್ ಒಂದು ಗಡಿಯಾರ ಮಾಡಿದರು. ಮುಳ್ಳು ಸೆಕೆಂಡಿಗೊಂದು ಹೆಜ್ಜೆ ಇಡುತ್ತದೆ. ಎಲ್ಲೋ ಒಮ್ಮೆ ಎರಡು ಹೆಜ್ಜೆ ಜಿಗಿಯುತ್ತದೆ. ಆ ಜಿಗಿತವನ್ನು ಗುರುತಿಸಬೇಕು, ಎರಡು ಗಂಟೆ ಕಾಲ. 1948ರಲ್ಲಿ ಪ್ರಕಟವಾದ ಫಲಿತಾಂಶ ಇಂದಿಗೂ ಪಾಠದಲ್ಲಿದೆ: ಮೊದಲ ಅರ್ಧ ಗಂಟೆಯಲ್ಲೇ ಗಮನ ಕುಸಿಯುತ್ತದೆ. ನೋಡುವವನು ಸೋಮಾರಿಯಲ್ಲ, ಕೆಲಸವೇ ಅಂಥದ್ದು. ಬಯಲುಸೀಮೆಯ ನೇರ ರಸ್ತೆಯಲ್ಲಿ ನಡುರಾತ್ರಿ ಲಾರಿ ಓಡಿಸುವವನಿಗೂ ಮ್ಯಾಕ್‌ವರ್ತರ ಗಡಿಯಾರಕ್ಕೂ ಏನು ವ್ಯತ್ಯಾಸ? ಘಾಟಿಯ ತಿರುವಿನಲ್ಲಿ ಮನಸ್ಸು ತಾನೇ ಎಚ್ಚರವಾಗಿರುತ್ತದೆ. ನೇರ ದಾರಿ ಅದನ್ನು ಮಲಗಿಸುತ್ತದೆ. ಚಳ್ಳಕೆರೆ ತಾಲ್ಲೂಕಿನಲ್ಲಿ 2017ರಲ್ಲಿ ಉದ್ಘಾಟನೆಯಾದ ಡಿ.ಆರ್.ಡಿ.ಓ. ವೈಮಾನಿಕ ಪರೀಕ್ಷಾ ಕೇಂದ್ರದಲ್ಲಿ ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸುತ್ತಾರೆ. ಅಲ್ಲಿಯೂ ನೆಲದ ಮೇಲೆ ಪರದೆಯ ಮುಂದೆ ಒಬ್ಬ ಮನುಷ್ಯ ಬೇಕೇ ಬೇಕು. ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ನಮ್ಮ ಕಾವಲಿಗೇ ಬಂದಿದೆ.

ಮೊಬೈಲಿನ ವಿಷಯ ಎಲ್ಲರಿಗೂ ಗೊತ್ತು ಎಂದುಕೊಳ್ಳುತ್ತೇವೆ. ಆದರೆ ಬ್ರಿಟನ್ನಿನ ಬ್ರೌನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದ್ದು 1969ರಲ್ಲಿ, ಕಾರಿನಲ್ಲಿ ಫೋನು ಅಪರೂಪವಾಗಿದ್ದ ಕಾಲದಲ್ಲಿ. ಮಾತನಾಡುತ್ತಿದ್ದ ಚಾಲಕರ ಸ್ಟೇರಿಂಗ್ ಹಿಡಿತ ಅಷ್ಟಾಗಿ ಕೆಡಲಿಲ್ಲ. ಮುಂದಿನ ಸಂದಿಯಲ್ಲಿ ತಮ್ಮ ಗಾಡಿ ಹಿಡಿಸುತ್ತದೋ ಇಲ್ಲವೋ ಎಂಬ ಅಂದಾಜು ಕೆಟ್ಟಿತು. ಓವರ್‌ಟೇಕ್ ಮಾಡುವವನಿಗೆ ಬೇಕಾದದ್ದು ಅದೇ ಅಂದಾಜು. 1997ರಲ್ಲಿ ಕೆನಡಾದ ರೆಡೆಲ್‌ಮೆಯರ್ ಮತ್ತು ಟಿಬ್‌ಶಿರಾನಿ 699 ಚಾಲಕರ ಕರೆ ದಾಖಲೆಗಳನ್ನು ಪರಿಶೀಲಿಸಿ, ಕರೆಯ ಹೊತ್ತಿನಲ್ಲಿ ಡಿಕ್ಕಿಯ ಅಪಾಯ ಸುಮಾರು ನಾಲ್ಕು ಪಟ್ಟು ಎಂದರು. ಕೈಯಲ್ಲಿ ಹಿಡಿಯದ ಫೋನಿನಿಂದ ಹೆಚ್ಚಿನ ರಕ್ಷಣೆಯೇನೂ ಅವರಿಗೆ ಕಾಣಲಿಲ್ಲ. 2001ರಲ್ಲಿ ಅಮೆರಿಕದ ಸ್ಟ್ರೇಯರ್ ಮತ್ತು ಜಾನ್ಸ್‌ಟನ್ ಪ್ರಯೋಗಶಾಲೆಯಲ್ಲಿ ಇದನ್ನೇ ಕಂಡರು. ರೇಡಿಯೊ ಕೇಳುವುದರಿಂದ ಅಂಥ ಹಾನಿ ಆಗಲಿಲ್ಲ. 2019ರಲ್ಲಿ ತಿದ್ದುಪಡಿಯಾದ ನಮ್ಮ ಮೋಟಾರು ವಾಹನ ಕಾಯ್ದೆ ಮಾತ್ರ ಕೈಯಲ್ಲಿ ಹಿಡಿಯುವ ಸಾಧನವನ್ನೇ ಹೆಸರಿಸಿತು. ಕಾನೂನು ಕೈಯನ್ನು ನೋಡಿತು, ಸಂಶೋಧನೆ ಮನಸ್ಸನ್ನು ನೋಡಿತು.

ಗಮನದ ಜೊತೆಗೆ ಇನ್ನೊಂದು ಶಕ್ತಿಯಿದೆ: ಹೊರಟ ಕೈಕಾಲನ್ನು ನಡುವೆಯೇ ತಡೆಯುವುದು. ವಿದ್ಯಾರ್ಥಿಗಳು ಹಸಿರು ಶಾಯಿಯಲ್ಲಿ ‘ಕೆಂಪು’ ಎಂದು ಬರೆದು, ಶಾಯಿಯ ಬಣ್ಣವನ್ನಷ್ಟೇ ಹೇಳಲು ಗೆಳೆಯರಿಗೆ ಕೇಳಿ ನೋಡಿ. ನಾಲಿಗೆ ತಡವರಿಸುತ್ತದೆ. ಸ್ಟ್ರೂಪ್ ಎಂಬಾತ 1935ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಓದುವ ಅಭ್ಯಾಸವನ್ನು ತಡೆಹಿಡಿಯಲು ಮನಸ್ಸಿಗೆ ಹೊತ್ತು ಹಿಡಿಯುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡು ತಡವೆಂದರೆ ಸುಮಾರು 17 ಮೀಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದಲ್ಲಿ ಆದಿತ್ಯ ಮೂರ್ತಿಯವರು ಕಣ್ಣಿನ ಚಲನೆಯನ್ನು ಮಿದುಳು ಹೇಗೆ ತಡೆದು ತಿದ್ದುತ್ತದೆ ಎಂಬುದರ ಮೇಲೆ, ಶ್ರೀಧರನ್ ದೇವರಾಜನ್ ಅವರು ಗಮನದ ಮೇಲೆ ಸಂಶೋಧನೆ ನಡೆಸಿದ್ದಾರೆ. ಅದೇ ಸಂಸ್ಥೆಯ ಎರಡನೆಯ ಆವರಣ ನಮ್ಮ ಕುದಾಪುರದಲ್ಲಿದೆ. ಅಲ್ಲಿ ಶಾಲಾ ಕಾಲೇಜು ಅಧ್ಯಾಪಕರಿಗೆ ತರಬೇತಿ ನಡೆದಿದೆ. ನಮ್ಮ ಅಧ್ಯಾಪಕರು ಹೋಗಿ ಬರುವುದು ಒಳ್ಳೆಯದು.

1990ರಲ್ಲಿ ಬ್ರಿಟನ್ನಿನ ಜೇಮ್ಸ್ ರೀಸನ್ ಮತ್ತು ಸಂಗಡಿಗರು ಚಾಲಕರ ತಪ್ಪುಗಳಲ್ಲಿ ಎರಡು ಜಾತಿಯನ್ನು ಬೇರ್ಪಡಿಸಿದರು. ಕನ್ನಡಿ ನೋಡಲು ಮರೆಯುವುದು, ದೂರದ ಅಂದಾಜು ತಪ್ಪುವುದು ಒಂದು. ಗೊತ್ತಿದ್ದೂ ನಿಯಮ ಮುರಿಯುವುದು ಇನ್ನೊಂದು. ಕುಡಿದು ಓಡಿಸುವವನನ್ನೂ ಹದಿನಾರು ಗಂಟೆ ಓಡಿಸಿ ಕಣ್ಣು ಮಂಜಾದವನನ್ನೂ ಒಂದೇ ಮಾತಿನಲ್ಲಿ ಕಟ್ಟಿಹಾಕುವುದು ಸರಿಯಲ್ಲ ಎಂದು ನನಗೆ ಅನಿಸುತ್ತದೆ. ಎರಡನೆಯವನ ಹಿಂದೆ ಬಾಡಿಗೆಗೆ ಅವಸರ ಮಾಡುವ ಮಾಲೀಕನೂ ಇರುತ್ತಾನೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿ, 5 ಗಂಟೆ ಕೆಲಸದ ನಂತರ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕೆಂದಿತು. ಅದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಮಾಡಿದ ಕಾಯ್ದೆ. ಒಂದೆರಡು ಲಾರಿಯ ಮಾಲೀಕರು ಅದರಿಂದ ಹೊರಗುಳಿದರೂ, 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಮು ಅದೇ ಗಂಟೆಗಳ ಮಿತಿಯನ್ನು ಸಾರಿಗೆ ವಾಹನ ನಡೆಸುವ ಎಲ್ಲರಿಗೂ ಅನ್ವಯಿಸಿತು. ಕಾಗದದ ಮೇಲೆ ಇದು ಪೂರ್ಣವಾಗಿದೆ. ಶೇಂಗಾ ಸುಗ್ಗಿಯಲ್ಲಿ ಇದನ್ನು ಯಾರು ಲೆಕ್ಕ ಇಡುತ್ತಾರೆಂದು ಚಳ್ಳಕೆರೆಯ ಯಾವ ಡ್ರೈವರನ್ನಾದರೂ ಕೇಳಬಹುದು.

ರೈಲ್ವೆ ಇಲಾಖೆ ಬೇರೆ ದಾರಿ ಹಿಡಿಯಿತು. ಕುಂಜ್ರು ಸಮಿತಿಯ ಶಿಫಾರಸಿನ ಮೇರೆಗೆ ಲಖನೌದ ಸಂಶೋಧನಾ ಸಂಸ್ಥೆಯಲ್ಲಿ 1964ರಲ್ಲಿ ಮನೋತಾಂತ್ರಿಕ ಘಟಕ ಬಂತು. ರೈಲು ಚಾಲಕರ ಆಯ್ಕೆಗೆ ಗಮನ, ಪ್ರತಿಕ್ರಿಯೆಗಳ ಪರೀಕ್ಷೆ ಸೇರಿತು. ಲಾರಿ ಚಾಲಕನ ವೈದ್ಯಕೀಯ ಪ್ರಮಾಣಪತ್ರ ಪ್ರಧಾನವಾಗಿ ನೋಡುವುದು ಕಣ್ಣು, ಕಿವಿ, ಕೈಕಾಲುಗಳನ್ನು. ಚಳ್ಳಕೆರೆಯ ಮೂಲಕ ರಾಯದುರ್ಗಕ್ಕೆ ಹೋಗುವ ರೈಲಿನ ಚಾಲಕನಿಗೂ, ಅದೇ ಹಾದಿಗೆ ಹೊಂದಿಕೊಂಡ ರಸ್ತೆಯಲ್ಲಿ ಲಾರಿ ನಡೆಸುವವನಿಗೂ ಅಷ್ಟು ಅಂತರ.

2023ರ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ನಿರ್ಲಕ್ಷ್ಯದ ಸಾವಿಗೆ ಇದ್ದ ಎರಡು ವರ್ಷದ ಗರಿಷ್ಠ ಶಿಕ್ಷೆಯನ್ನು ಐದು ವರ್ಷಕ್ಕೆ ಏರಿಸಿತು. ಅಪಘಾತ ಮಾಡಿ ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಓಡಿಹೋದರೆ ಹತ್ತು ವರ್ಷದವರೆಗೆ ಎಂಬ ಉಪಕಲಮಿನ ವಿರುದ್ಧ 2024ರ ಜನವರಿಯಲ್ಲಿ ದೇಶದ ಹಲವೆಡೆ ಲಾರಿಗಳು ನಿಂತವು. ಆ ವರ್ಷ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪಕಲಮನ್ನು ಬಿಟ್ಟು ಉಳಿದದ್ದು ಜಾರಿಯಾಯಿತು.