ರಿಜಿಸ್ಟರಿನಲ್ಲಿ ಜಾಗವಿಲ್ಲದವರು

ಎಡಿನ್‌ಬರೋದ ಪ್ರಿನ್ಸಸ್ ಸ್ಟ್ರೀಟಿನ ಪೂರ್ವದ ತುದಿಯಲ್ಲಿ, ಕುದುರೆ ಏರಿದ ವೆಲಿಂಗ್ಟನ್ ಪ್ರತಿಮೆಯ ಹಿಂದೆ, ರಿಜಿಸ್ಟರ್ ಹೌಸ್ ಎಂಬ ಕಟ್ಟಡವಿದೆ. (1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಕರ್ನಲ್ ವೆಲ್ಲೆಸ್ಲಿಯೇ ಈ ವೆಲಿಂಗ್ಟನ್. ಊರು ನೋಡಲು ಬಂದ ನಮ್ಮವರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ.) ಸ್ಕಾಟ್ಲೆಂಡಿನ ಜನನ, ಮರಣ, ಮದುವೆಗಳ ದಾಖಲೆಗಳಿಗೆ ಈ ಆವರಣವೇ ಮನೆ. 1930ರ ದತ್ತು ಕಾನೂನು ಇಲ್ಲಿ ಒಂದು ಬಾಗಿಲನ್ನು ತೆರೆದಿಟ್ಟಿತು. ದತ್ತು ಹೋದವರು 17 ವರ್ಷ ತುಂಬಿದ ಮೇಲೆ ಬಂದು ತಮ್ಮ ಮೂಲ ಜನನ ದಾಖಲೆಯನ್ನು, ಅಂದರೆ ಹೆತ್ತ ತಾಯಿಯ ಹೆಸರನ್ನು, ನೋಡಬಹುದಿತ್ತು. ಗಡಿಯಾಚೆ ಇಂಗ್ಲೆಂಡಿನಲ್ಲಿ ಅದೇ ದಾಖಲೆಗೆ ಬೀಗ. ನ್ಯಾಯಾಲಯದ ಅಪ್ಪಣೆಯಿಲ್ಲದೆ ಅದು ತೆರೆಯುತ್ತಿರಲಿಲ್ಲ. ಒಂದೇ ದ್ವೀಪದಲ್ಲಿ ಈ ಎರಡು ಪದ್ಧತಿಗಳು ಅಕ್ಕಪಕ್ಕದಲ್ಲಿ ಸುಮಾರು 46 ವರ್ಷ ನಡೆದವು.

ಸಾಕಿದ ಮಗ ಅಥವಾ ಮಗಳು ದೊಡ್ಡವರಾದ ಮೇಲೆ ಮನೆಯತ್ತ ಮುಖ ಮಾಡದೆ ಹೋದರೆ, ಸಾಕಿದವರಿಗೆ ಮೊದಲು ಬರುವ ಅನುಮಾನ "ರಕ್ತ ಎಳೆಯಿತೇ?" ಎಂಬುದು. ನಮ್ಮಲ್ಲಿ ಇದನ್ನು ಬಾಯಿಬಿಟ್ಟೇ ಹೇಳುತ್ತಾರೆ, ಇಲ್ಲಿಯವರು ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ. ದಾಖಲೆಗೆ ಬೀಗ ಹಾಕಿದವರ ಮನಸ್ಸಿನಲ್ಲಿದ್ದದ್ದೂ ಇದೇ ಭಯ. ಮೂಲ ತಿಳಿದರೆ ಮಗು ಕೈತಪ್ಪುತ್ತದೆ, ತಿಳಿಯದಿದ್ದರೆ ಉಳಿಯುತ್ತದೆ ಎಂಬ ನಂಬಿಕೆ.

ಇಂಗ್ಲೆಂಡಿಗೆ ದತ್ತು ಎನ್ನುವುದು ಕಾನೂನಿನ ಮಟ್ಟಿಗೆ ಹೊಸದು. 1926ರ ತನಕ ಅಲ್ಲಿ ದತ್ತಿಗೆ ಕಾನೂನೇ ಇರಲಿಲ್ಲ. ಬಂದ ಮೇಲೂ ಸಾಕಿದವರು ಉಯಿಲು ಬರೆಯದೆ ಸತ್ತರೆ ಅವರ ಆಸ್ತಿಯಲ್ಲಿ ಮಗುವಿಗೆ ಪಾಲು ಇರಲಿಲ್ಲ. ಆ ಹಕ್ಕು ಬಂದದ್ದು 1949ರಲ್ಲಿ. ನಮ್ಮದು ಇದಕ್ಕೆ ತದ್ವಿರುದ್ಧ. ನಮ್ಮ ದತ್ತಕ ಶುರುವಾಗುವುದೇ ಆಸ್ತಿಯಿಂದ, ಪಿಂಡದಿಂದ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ 'ಮಿತಾಕ್ಷರ'ದಲ್ಲಿ ಹನ್ನೆರಡು ಬಗೆಯ ಪುತ್ರರ ಚರ್ಚೆಯಿದೆ; ದತ್ತಕ ಅವರಲ್ಲೊಬ್ಬ. ಕೊಟ್ಟ ಮಗ ಹೆತ್ತ ತಂದೆಯ ಗೋತ್ರವನ್ನೂ ಆಸ್ತಿಯನ್ನೂ ಪಡೆಯುವುದಿಲ್ಲ ಎಂದು ಅದಕ್ಕೂ ಹಿಂದೆಯೇ ಮನು ಹೇಳಿದ್ದಾನೆ. ಅಂದರೆ ಆ ಕಡೆಯ ಬಳ್ಳಿಯನ್ನು ಪೂರ್ತಿ ಕತ್ತರಿಸಿ ಈ ಕಡೆಯ ಚಪ್ಪರಕ್ಕೆ ಕಟ್ಟುವುದು.

ಆದರೆ ಅದೇ ಶಾಸ್ತ್ರದಲ್ಲಿ ಇನ್ನೊಂದು ಪದವಿದೆ: ದ್ವ್ಯಾಮುಷ್ಯಾಯಣ. "ಇವನು ನಮ್ಮಿಬ್ಬರಿಗೂ ಮಗ" ಎಂದು ಕೊಡುವ ತಂದೆ, ತೆಗೆದುಕೊಳ್ಳುವ ತಂದೆ ಇಬ್ಬರೂ ಒಪ್ಪಂದ ಮಾಡಿಕೊಂಡರೆ ಆ ಹುಡುಗ ಎರಡೂ ಮನೆಗೆ ಸೇರಿದವನು. ಎರಡೂ ಕಡೆ ಪಾಲು, ಎರಡೂ ಕಡೆ ಶ್ರಾದ್ಧ. ಧಾರವಾಡ, ಬೆಳಗಾವಿಗಳನ್ನೂ ಒಳಗೊಂಡಿದ್ದ ಮುಂಬೈ ಪ್ರಾಂತ್ಯದ ನ್ಯಾಯಾಲಯಗಳಲ್ಲಿ ಇಂಥ ವ್ಯಾಜ್ಯಗಳು ನಡೆದಿವೆ. ಉಚ್ಚರಿಸಲು ಕಷ್ಟವಾದ ಈ ಪದ ನನಗೆ ತುಂಬ ಇಷ್ಟ. ಎರಡು ಮನೆಯ ಮಗು ಎಂಬ ಸಂಗತಿಗೆ ಹೆಸರಿಟ್ಟ ಭಾಷೆಗಳು ಎಷ್ಟಿವೆಯೋ!

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಕತ್ತರಿಸುವ ದಾರಿಯನ್ನೇ ಹಿಡಿಯಿತು. ಅದರ 15ನೆಯ ಕಲಮಿನ ಪ್ರಕಾರ ಸರಿಯಾಗಿ ನಡೆದ ದತ್ತನ್ನು ಸಾಕಿದವರು ರದ್ದು ಮಾಡುವಂತಿಲ್ಲ. ಮಗುವೂ ಅದನ್ನು ಬಿಟ್ಟು ಹೆತ್ತ ಮನೆಗೆ ಮರಳುವಂತಿಲ್ಲ. ಹಾಗಾಗಿ ಬೆಳೆದ ಮಗ ಹತ್ತು ವರ್ಷ ಮಾತು ಬಿಟ್ಟರೂ ಕಾನೂನಿನ ಕಣ್ಣಿಗೆ ಏನೂ ಆಗಿಲ್ಲ. ಅವನು ಮಗನೇ, ಇವರು ತಾಯಿತಂದೆಯೇ. ಫೋನ್ ಎತ್ತು ಎಂದು ಆಜ್ಞೆ ಮಾಡುವ ನ್ಯಾಯಾಲಯ ಮಾತ್ರ ಯಾವ ದೇಶದಲ್ಲೂ ಇಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದತ್ತು ಉತ್ತುಂಗಕ್ಕೇರಿದ್ದು 1968ರಲ್ಲಿ. ಆ ಒಂದೇ ವರ್ಷ ಸುಮಾರು 25 ಸಾವಿರ. ನೆರೆಹೊರೆಗೆ ಗೊತ್ತಾಗದಿರಲೆಂದು ಕೂದಲು, ಕಣ್ಣಿನ ಬಣ್ಣ ಹೊಂದಿಸಿ ಮಗು ಕೊಡುತ್ತಿದ್ದ ಕಾಲ ಅದು. ಅದೇ ದಶಕದಲ್ಲಿ, 1964ರಲ್ಲಿ, ಕೆನಡಾದ ಸಮಾಜಶಾಸ್ತ್ರಜ್ಞ ಡೇವಿಡ್ ಕರ್ಕ್ 'ಶೇರ್ಡ್ ಫೇಟ್' ಎಂಬ ಪುಸ್ತಕ ಬರೆದರು. ಸ್ವತಃ ಮಕ್ಕಳನ್ನು ದತ್ತು ಪಡೆದವರು ಅವರು. ನಮ್ಮದೂ ಎಲ್ಲರಂಥ ಮನೆಯೇ ಎಂದು ನಟಿಸುವವರಿಗಿಂತ, ನಮ್ಮದು ಬೇರೆ ಎಂದು ಒಪ್ಪಿಕೊಂಡವರ ಮನೆಯಲ್ಲೇ ಮಾತು ಸಲೀಸು ಎಂಬುದು ಅವರ ವಾದ.

ಅದಕ್ಕೆ ಗಟ್ಟಿ ಆಧಾರ ಸಿಕ್ಕಿದ್ದು ರಿಜಿಸ್ಟರ್ ಹೌಸಿನಿಂದ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿದ್ದ ಜಾನ್ ಟ್ರೈಸೆಲಿಯೋಟಿಸ್, ಸೈಪ್ರಸ್‌ನಿಂದ ಬಂದ ವಲಸೆಗಾರ, ಅಲ್ಲಿಗೆ ದಾಖಲೆ ಹುಡುಕಿಕೊಂಡು ಬಂದ 70 ಮಂದಿಯನ್ನು ಮಾತನಾಡಿಸಿ 1973ರಲ್ಲಿ ಪುಸ್ತಕ ಪ್ರಕಟಿಸಿದರು. ಹುಡುಕುವ ಹಕ್ಕಿದ್ದೂ ಸ್ಕಾಟ್ಲೆಂಡಿನ ಸಾಕುಮಕ್ಕಳಲ್ಲಿ ಹಾಗೆ ಬರುತ್ತಿದ್ದವರು ಬಹಳ ಕಡಿಮೆ. ಬಂದವರಲ್ಲಿ ಅನೇಕರಿಗೆ ತಾವು ದತ್ತು ಎಂದು ತಿಳಿದದ್ದು ಹತ್ತು ವರ್ಷ ದಾಟಿದ ಮೇಲೆ, ಎಷ್ಟೋ ಸಲ ಹೊರಗಿನವರ ಬಾಯಿಂದ. ಸಾಕಿದವರ ಸಾವಿನ ನಂತರ ಬಂದವರೂ ಇದ್ದರು. ಮನೆಯಲ್ಲಿ ನೆಮ್ಮದಿ ಕಂಡವರಿಗೆ ಹೆಚ್ಚಾಗಿ ವಿವರ ಸಿಕ್ಕರೆ ಸಾಕಿತ್ತು. ತಡವಾಗಿ, ಒರಟಾಗಿ ತಿಳಿದವರಿಗೆ ಹೆತ್ತವರೇ ಬೇಕಿತ್ತು. ದೂರ ಮಾಡಿದ್ದು ಹುಡುಕಾಟಕ್ಕಿಂತ ಹೆಚ್ಚಾಗಿ ಗುಟ್ಟು ಎಂದೇ ನಾನು ಇದನ್ನು ಓದುತ್ತೇನೆ.

ಬ್ರಿಟನ್ನಿನಲ್ಲಿ ನನಗೆ ಪರಿಚಯದ ಕನ್ನಡದ ದಂಪತಿಯೊಬ್ಬರು ನಾದಿನಿಯ ಮಗಳನ್ನು ಕೈಗೂಸಿನಲ್ಲೇ ದತ್ತು ತೆಗೆದುಕೊಂಡು ಬಂದವರು. ಹುಡುಗಿಗೆ ವಿಷಯ ತಿಳಿದದ್ದು ಇಪ್ಪತ್ತು ದಾಟಿದ ಮೇಲೆ, ಊರಿನ ಮದುವೆಮನೆಯಲ್ಲಿ, ಬಂಧುವೊಬ್ಬರ ಸಲುಗೆಯ ಮಾತಿನಲ್ಲಿ. ಅವಳು ಹೆತ್ತವರ ಮನೆಗೂ ಹೋಗಲಿಲ್ಲ, ಇವರ ಮನೆಗೂ ಬರಲಿಲ್ಲ. "ಕಾಗದಪತ್ರ ಎಲ್ಲ ಸರಿಯಾಗಿದೆ ಕಣಯ್ಯಾ" ಎಂದು ಅವರು ನನಗೆ ಮೂರು ಸಲ ಹೇಳಿದ್ದಾರೆ. ಅವರ ಹೆಂಡತಿ ಪ್ರತಿ ಯುಗಾದಿಗೆ ಒಂದು ಕಾರ್ಡು ಕಳಿಸುತ್ತಾರೆ. ಅದರಲ್ಲಿ "ಯಾಕೆ ಬರಲಿಲ್ಲ" ಎಂದು ಬರೆಯುವುದನ್ನು ಈಗ ಬಿಟ್ಟಿದ್ದಾರೆ. ಮನೆ ಹಿಂದಿನ ಸೇಬಿನ ಗಿಡದ ಸುದ್ದಿ ಬರೆಯುತ್ತಾರೆ.

ಆಕೆಯೇ ಒಮ್ಮೆ ಯಶೋದೆಯ ಮಾತು ತೆಗೆದರು. ಬೆಣ್ಣೆ ಕದ್ದ ಹುಡುಗನ ಯಶೋದೆಯಲ್ಲ. ಭಾಗವತದಲ್ಲಿ ಕಂಸವಧೆಯಾದ ಮೇಲೆ ಕೃಷ್ಣ ನಂದನನ್ನು ಮಥುರೆಯಿಂದ ಹಿಂದಕ್ಕೆ ಕಳಿಸುತ್ತಾನೆ, ತಾನು ಹೋಗುವುದಿಲ್ಲ. ಆಮೇಲೆ ಬರುವವನು ಉದ್ಧವ. ಯಶೋದೆ ಮಗನನ್ನು ಮತ್ತೆ ನೋಡುವುದು ಎಷ್ಟೋ ಕಾಲದ ನಂತರ, ಸೂರ್ಯಗ್ರಹಣದ ಸ್ನಾನಕ್ಕೆಂದು ಎಲ್ಲರೂ ಕುರುಕ್ಷೇತ್ರದಲ್ಲಿ ಸೇರಿದಾಗ. ಅಲ್ಲಿ ದೇವಕಿಯೂ ಇದ್ದಾಳೆ, ಯಶೋದೆಯನ್ನು ಅಪ್ಪಿಕೊಳ್ಳುತ್ತಾಳೆ. ನಮ್ಮ ಹಾಡುಗಳು ಗೋಕುಲದಲ್ಲೇ ನಿಂತುಬಿಡುವುದರಿಂದ ಈ ಭಾಗ ಹೆಚ್ಚು ಜನರಿಗೆ ನೆನಪಿಲ್ಲ.

ಸ್ಕಾಟ್ಲೆಂಡಿನ ಅನುಭವ ನೋಡಿಯೇ ಇಂಗ್ಲೆಂಡ್ ಬೀಗ ತೆಗೆಯಿತು. 1972ರಲ್ಲಿ ಹೌಟನ್ ಸಮಿತಿ ಶಿಫಾರಸು ಮಾಡಿತು. 1975ರ ಮಕ್ಕಳ ಕಾಯ್ದೆಯ 26ನೆಯ ಕಲಮು 1976ರ ನವೆಂಬರಿನಲ್ಲಿ ಜಾರಿಗೆ ಬಂತು. ಹೆತ್ತ ತಾಯಂದಿರ ಬಾಗಿಲಿಗೆ ಅಪರಿಚಿತ ಮಕ್ಕಳು ಬಂದು ನಿಲ್ಲುತ್ತಾರೆಂದು ಗದ್ದಲವಾಯಿತು. ಕಾಯ್ದೆಗೆ ಮುಂಚೆ ದತ್ತಾದವರು ದಾಖಲೆ ಪಡೆಯುವ ಮೊದಲು ಸಲಹೆಗಾರರನ್ನು ಕಾಣಲೇಬೇಕೆಂಬ ನಿಯಮವೂ ಸೇರಿತು.

1990ರ ದಶಕದಲ್ಲಿ ಡೇವಿಡ್ ಹೌ ಎಂಬ ವಿದ್ವಾಂಸರು 211 ದತ್ತು ಮಕ್ಕಳ ಬಗ್ಗೆ ಅವರ ಸಾಕುತಂದೆತಾಯಿಗಳನ್ನೇ ಕೇಳಿದರು. ಹದಿಹರೆಯದಲ್ಲಿ ಜಗಳವಾಡಿ ದೂರವಾದವರಲ್ಲಿ ಹಲವರು ಇಪ್ಪತ್ತರ ನಡುವಯಸ್ಸಿಗೆ ಬರುವಷ್ಟರಲ್ಲಿ ಮತ್ತೆ ಹತ್ತಿರವಾಗಿದ್ದರು. ಎಲ್ಲರೂ ಅಲ್ಲ. ಕಾರ್ಡು ಕಳಿಸುವವರಿಗೆ ನಾನು ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ: "ನಮ್ಮವಳಿಗೆ ಮೂವತ್ತೊಂದಾಯಿತಲ್ಲ?"

1991ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದತ್ತು ಸಂಪರ್ಕ ರಿಜಿಸ್ಟರ್ ಒಂದಿದೆ. ಪರಸ್ಪರ ಭೇಟಿ ಬಯಸುವವರು ತಮ್ಮ ಹೆಸರು, ವಿಳಾಸ ಬರೆಸಬಹುದು. ಎರಡೂ ಕಡೆಯವರ ಹೆಸರು ತಾಳೆಯಾದರೆ ದತ್ತು ಹೋದವರಿಗೆ ಸುದ್ದಿ ಹೋಗುತ್ತದೆ. ಅದರಲ್ಲಿ ಎರಡು ಭಾಗಗಳಿವೆ. ಮೊದಲನೆಯದು ದತ್ತು ಹೋದವರಿಗೆ, ಎರಡನೆಯದು ಅವರ ಹುಟ್ಟಿನ ಕಡೆಯ ಬಂಧುಗಳಿಗೆ. ಸಾಕಿದವರಿಗೆ ಮೂರನೆಯ ಭಾಗವಿಲ್ಲ; ಮಗು ಎಲ್ಲಿದೆಯೆಂದು ಅವರು ಕೇಳಬೇಕಾಗಿ ಬಂದೀತೆಂದು ಆ ಕಾನೂನು ಬರೆದವರಿಗೆ ಹೊಳೆದಿರಲಿಲ್ಲ.